ನೇರಳೆಗೆ ಮುಂಚಿನ ಬಣ್ಣ

ಸಂಜೆ ಅಂಗಡಿಯ ಕದ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ಸಮುದ್ರ ಎಚ್ಚರವಾಗುತ್ತಿತ್ತು. ಗಾಜಿನ ತೊಟ್ಟಿಯ ಮೇಲಿನ ನೀಲಿ ದೀಪಗಳು ಮೆಲ್ಲಗೆ ಕಣ್ಣು ಬಿಟ್ಟವೆಂದರೆ ಗೋಡೆ, ಬಕೆಟ್ಟು, ಹಗ್ಗದ ಮೇಲೆ ಒಣಗಲು ಹಾಕಿದ ಯಾರದೋ ಕೋಟು ಎಲ್ಲವೂ ನೀರಿಗಿಳಿದಂತೆ ತೂಗತೊಡಗುತ್ತಿದ್ದವು. ಸ್ಟೂಲಿನ ಮೇಲೆ ಕೂತ ಬಣ್ಣದಣ್ಣನಿಗೆ ತಾನೂ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು.

ಬಣ್ಣದಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಮಾಸಿದ ಬಟ್ಟೆಗೆ ಮತ್ತೆ ಬಣ್ಣ ಕಟ್ಟುವುದು ಅವನ ಕೆಲಸ. ಹತ್ತಿದ ಕಲೆ ತೆಗೆಯುವುದು ಅವನ ಹೆಂಡತಿಯ ಕೆಲಸ. ಒಂದೇ ಅಂಗಡಿ, ಎರಡು ಕಸುಬು. ನಾನು ಹಚ್ಚೋದು, ಇವಳು ತೊಳೆಯೋದು, ಸಂಸಾರ ಹೀಗೇ ನಡೀತಿದೆ ಎಂದು ಗಿರಾಕಿಗಳ ಮುಂದೆ ಅವನು ತಮಾಷೆ ಮಾಡುತ್ತಿದ್ದ. ತೊಟ್ಟಿಯಲ್ಲೂ ಅದೇ ಪಾಲು: ಬೆಳಕು ಅವನದು, ನೀರು ಅವಳದು.

ತೊಟ್ಟಿಯಲ್ಲಿ ಕೆಲವು ಮೀನುಗಳು, ನಡುವಿನ ಬಂಡೆಯ ಮೇಲೆ ಒಂದು ಹವಳ ಇದ್ದವು. ಅಕ್ವೇರಿಯಂ ಅಂಗಡಿ ಇಟ್ಟಿದ್ದ ಬಾಮೈದ ಬೆರಳುದ್ದದ ತುಣುಕೊಂದನ್ನು ತಂದು ಅಂಟಿಸಿಕೊಟ್ಟಿದ್ದ. ಅದು ಕಲ್ಲಲ್ಲ, ಗಿಡವೂ ಅಲ್ಲ. ಸಾಸಿವೆಗಿಂತ ಸಣ್ಣ ಜೀವಗಳು ಒತ್ತೊತ್ತಾಗಿ ಕೂತು ಕಟ್ಟಿಕೊಂಡ ಊರು. ಊರು ಬೆಳೆದು ಕವಲೊಡೆದು ಅಂಗೈಯಗಲ ಆಗಿತ್ತು. ಅದರ ಬಣ್ಣವೋ, ತುಂಬು ನೇರಳೆ. ಬದುಕೆಲ್ಲ ಹಂಡೆಯಲ್ಲಿ ಬಣ್ಣ ಕದಡಿದವನಿಗೂ ಆ ನೇರಳೆ ಕೈಗೆ ಸಿಕ್ಕಿರಲಿಲ್ಲ. ದೇವರು ತನ್ನ ಹಂಡೆಯಲ್ಲಿ ಅದ್ದಿ ತೆಗೆದದ್ದು ಎಂದುಕೊಂಡು ಅವನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ.

ಆ ನೇರಳೆ ಈಗ ತೆಳುವಾಗತೊಡಗಿತ್ತು. ಮೊದಮೊದಲು ಹಣ್ಣಿನ ರಸದ ಕಲೆಯನ್ನು ಅರ್ಧ ತೊಳೆದು ಬಿಟ್ಟ ಹಾಗೆ, ಆಮೇಲೆ ಹೊಗೆಯ ಹಾಗೆ, ಕಡೆಗೆ ಬರೀ ಬಿಳಿ ಬೂದಿ. ಕವಲಿನ ತುದಿಗಳು ಬೆಳೆಯುವುದನ್ನೂ ನಿಲ್ಲಿಸಿದಂತಿತ್ತು. ಒಂದು ಸಂಜೆ, ಏನೂ ಆಗದವನಂತೆ, ಹವಳದ ಬಣ್ಣ ಹೇಗಿದೆ ಎಂದು ಹೆಂಡತಿಯನ್ನು ಕೇಳಿದ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

“ಹೇಗಿರುತ್ತೆ? ಚೆನ್ನಾಗೇ ಇದೆ. ಅದೇ ನೇರಳೆ.”

ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ, ಬೂದಿಯೇ ಕಂಡಿತು.

ಅವನ ಅಪ್ಪನೂ ಬಣ್ಣದ ಕೆಲಸದವನೇ. ಕಣ್ಣಿಗೆ ಪೊರೆ ಬಂದು ಅಪ್ಪನ ಬಣ್ಣಗಳು ಒಂದೊಂದಾಗಿ ಹೋದಾಗ ಮೊದಲು ಹೋದದ್ದು ನೇರಳೆಯೇ. ನಡು ಮಧ್ಯಾಹ್ನ ನೇರಳೆ ದಾರದುಂಡೆ ಹಿಡಿದುಕೊಂಡು, ಇದಕ್ಕೆ ಬೂದಿ ಯಾರು ಹಾಕಿದ್ದು ಎಂದು ರೇಗಿದ್ದ. ಆಮೇಲೆ ಆಪರೇಷನ್ನೂ ಕೈಗೂಡದೆ, ಹಂಡೆಯ ಹತ್ತಿರ ಮತ್ತೆ ಸುಳಿಯಲೇ ಇಲ್ಲ. ಈಗ ತನ್ನ ಸರದಿ ಬಂತು ಎಂದು ಬಣ್ಣದಣ್ಣ ತೀರ್ಮಾನಿಸಿಬಿಟ್ಟ. ಹೆಂಡತಿಗೆ ನೇರಳೆ ಕಾಣುತ್ತಿದೆ, ತನಗೆ ಕಾಣುತ್ತಿಲ್ಲ. ಇನ್ನು ಡಾಕ್ಟರು ಹೇಳುವುದೇನು ಉಳಿಯಿತು?

ಅವನು ಯಾರಿಗೂ ಬಾಯಿ ಬಿಡಲಿಲ್ಲ. ಬಣ್ಣ ಹೊಂದಿಸಿ ಕೊಡಿ ಎಂದು ಬಂದವರನ್ನು ಸಾಮಾನಿಲ್ಲ, ಪುರುಸೊತ್ತಿಲ್ಲ ಎಂದು ಸಾಗಹಾಕಿದ. ಕಪ್ಪು ಹಾಕುವ ಕೆಲಸ ಮಾತ್ರ ಇಟ್ಟುಕೊಂಡ. ಕಪ್ಪಿಗೆ ಕಣ್ಣು ಬೇಡ, ಹಂಡೆ ಕುದಿದರೆ ಸಾಕು. ಹಗ್ಗದ ಮೇಲೆ ಕಪ್ಪು ಪ್ಯಾಂಟು, ಕಪ್ಪು ಕೋಟುಗಳಷ್ಟೇ ತೊಟ್ಟಿಕ್ಕುತ್ತಾ ನಿಂತವು. ಏನ್ರೀ, ಊರಿಗೆಲ್ಲ ಸೂತಕವಾ ಎಂದು ಹೆಂಡತಿ ಕೇಳಿದಾಗ ಹಂಡೆಯ ಕೆಳಗಿನ ಉರಿ ಸರಿಮಾಡತೊಡಗಿದ.

ಸಂಜೆಯಾದರೆ ತೊಟ್ಟಿಯ ಮುಂದೆ ಕೂತು, ಇನ್ನೊಂದಿಷ್ಟು ಬೆಳಕಾದರೆ ಕಂಡೀತೇನೋ ಎಂದು ದೀಪ ಏರಿಸುತ್ತಿದ್ದ. ಅವಳು ಇನ್ನೊಂದು ಕಡೆಯಿಂದ ನೀರನ್ನು ತಿಕ್ಕುತ್ತಿದ್ದಳು. ಬಟ್ಟೆಯಲ್ಲಿ ಚುಕ್ಕಿ ಕಲೆ ಕಂಡರೂ ನಿದ್ದೆ ಬಾರದವಳು ಅವಳು. ದಿನವೂ ಗಾಜು ಒರೆಸಿದಳು, ಹತ್ತಿಯ ಫಿಲ್ಟರ್ ತೊಳೆದಳು, ನೊರೆ ಎತ್ತಿ ಕೊಳೆ ತೆಗೆಯುವ ಯಂತ್ರವನ್ನು ಬಿಡುವಿಲ್ಲದೆ ಓಡಿಸಿದಳು, ನೀರಿನ ಸಾರವನ್ನೆಲ್ಲ ಹೀರುವ ಕಾಳುಗಳನ್ನು ಚೀಲದಲ್ಲಿ ಕಟ್ಟಿ ಇಳಿಬಿಟ್ಟಳು. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಯಿತು. ಆ ತಿಳಿಯಲ್ಲಿ ಹವಳ ಕನಸಿನಲ್ಲಿ ಕಂಡ ಮರದ ಹಾಗೆ, ಮುಟ್ಟಿದರೆ ಕರಗುವ ಹಾಗೆ ನಿಂತಿತ್ತು.

ಹಾಗಿರುವಾಗ ತೊಟ್ಟಿಯ ನೀರಿಗೆ ಕರಗಿಸುವ ಉಪ್ಪಿನ ಚೀಲ ಹೊತ್ತುಕೊಂಡು ಬಾಮೈದ ಬಂದ. ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡಿದವನ ಕಣ್ಣು ತೊಟ್ಟಿಯ ಮೇಲೆ ಬಿತ್ತು.

“ಏನ್ ಭಾವ ಇದು? ಹವಳಾನೂ ಒಗೆದು ಇಸ್ತ್ರಿ ಹೊಡೆದುಬಿಟ್ರಾ ನೀವಿಬ್ರೂ?”

ಬಣ್ಣದಣ್ಣ ನಿಧಾನವಾಗಿ ತಲೆ ಎತ್ತಿದ. “ನಿಂಗೆ ಹೇಗೆ ಕಾಣ್ತಿದೆ?”

“ಹೇಗೆ ಅಂದ್ರೆ? ಸುಣ್ಣ ಬಳಿದ ಹಾಗೆ. ಬೆಳ್ಳಗೆ.”

“ನಿಜವಾಗ್ಲೂ ಬೆಳ್ಳಗೆ?”

“ಇದಕ್ಕೆ ಪ್ರಮಾಣ ಬೇರೆ ಮಾಡ್ಬೇಕಾ ಭಾವ?”

ಬಣ್ಣದಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು, ಅದು ಒದ್ದೆಯೇ ಆಗಿರಲಿಲ್ಲ.

“ನಂಗೂ ಬೆಳ್ಳಗೇ ಕಾಣ್ತಿತ್ತು ರೀ,” ಅಂದಳು. “ಆವತ್ತು ನೀವು ಕೇಳಿದಾಗಲೂ. ನೀವು ಅದರ ಮೇಲೆ ಪ್ರಾಣಾನೇ ಇಟ್ಕೊಂಡಿದ್ರಿ. ಬಾಡಿದೆ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಅದಕ್ಕೇ ಚೆನ್ನಾಗಿದೆ ಅಂದೆ, ಆಮೇಲೆ ಹೋಗಿ ಇನ್ನಷ್ಟು ತೊಳೆದೆ.”

ಅವಳು ಬೈಗುಳಕ್ಕೆ ಕಾದು ನಿಂತಿದ್ದಳು. ಅವನೋ ಸ್ಟೂಲನ್ನು ಅವಳ ಕಡೆಗೆ ತಿರುಗಿಸಿಕೊಂಡು ಕೂತ.

“ಇನ್ನೊಂದ್ಸಲ ಹೇಳು,” ಅಂದ. “ಹೇಗೆ ಕಾಣ್ತಿತ್ತು?”

“ಬೆಳ್ಳಗೆ.”

ಅವನ ಕಣ್ಣು ತುಂಬಿ, ತೊಟ್ಟಿ, ದೀಪ, ಹೆಂಡತಿ, ಬಾಮೈದ ಎಲ್ಲ ಒಂದೇ ನೀಲಿಯಲ್ಲಿ ಕದಡಿಹೋಯಿತು. ಹವಳ ಬೆಳ್ಳಗಾಗಿದೆ ಅಂದರೆ ಇವರು ಖುಷಿಯಿಂದ ಅಳುತ್ತಾರಲ್ಲ ಎಂದು ಬಾಮೈದ ಅಕ್ಕನ ಮುಖ ನೋಡಿದ. ಬಣ್ಣದಣ್ಣ ಆಗ ಎಲ್ಲವನ್ನೂ ಹೇಳಿದ: ಅಪ್ಪನ ದಾರದುಂಡೆ, ತನ್ನ ಭಯ, ಕಪ್ಪು ಬಟ್ಟೆಗಳು. ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡು ಕೇಳಿದಳು. ಅವನ ಸಮಾಧಾನಕ್ಕೆಂದು ಆಡಿದ ಮಾತೇ ಅವನನ್ನು ಒಳಗೊಳಗೇ ಕುರುಡು ಮಾಡಿತ್ತು ಎಂದು ಅವಳಿಗೆ ಹೊಳೆದದ್ದು ಆಗಲೇ. ಅವಳು ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟು ಹಾಗೇ ನಿಂತಳು.

ಬಾಮೈದ ತನ್ನ ಕಸುಬಿಗೆ ಇಳಿದ. ಹವಳ ಸತ್ತಿಲ್ಲ, ಹಸಿದಿದೆ ಅಂದ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತೆ, ಆ ಪಾಚಿ ಬೆಳಕನ್ನು ಅಡುಗೆ ಮಾಡಿ ಇದಕ್ಕೆ ಬಡಿಸುತ್ತೆ. ನೀರಲ್ಲಿ ಚೂರೂ ಸಾರ ಇಲ್ಲದಿದ್ದರೆ ಪಾಚಿ ಬದುಕಲ್ಲ, ಅದರ ಮೇಲೆ ಈ ಉರಿ ದೀಪ ಬೇರೆ. ಅಕ್ಕ ಅನ್ನ ಕಿತ್ತುಕೊಂಡಳು, ಭಾವ ಬಿಸಿಲಿಗೆ ನಿಲ್ಲಿಸಿದ. ಹಾಗೆ ಹೇಳಿ, ಕಾಳಿನ ಚೀಲ ಎತ್ತಿ ಹೊರಗಿಟ್ಟ, ದೀಪ ಅರ್ಧಕ್ಕಿಳಿಸಿದ, ನೊರೆಯ ಯಂತ್ರಕ್ಕೆ ಹಗಲು ರಜೆ ಕೊಟ್ಟ. ಮೀನುಗಳಿಗೆ ಈಗಿನದಕ್ಕಿಂತ ತುಸು ಹೆಚ್ಚಿಗೆ ಹಾಕಿ ಅಂದ.

“ಮೀನು ತಿಂದು ಕಕ್ಕ ಮಾಡಿದ್ರೇನೇ ಇದಕ್ಕೆ ಊಟ, ಅಕ್ಕ. ಸ್ವಲ್ಪ ಕೊಳೆ ಇರ್ಲಿ ಬಿಡು.”

ಅವಳ ಬದುಕಿನಲ್ಲಿ ಅವಳಿಗೆ ಯಾರೂ ಹೇಳದ ಮಾತು ಅದು. ಮುಂದಿನ ದಿನಗಳಲ್ಲಿ ಗಾಜಿನ ಮೇಲೆ ತೆಳು ಹಸಿರು ಕೂತಾಗ ಬಟ್ಟೆ ಹಿಡಿದು ಹೋಗಿ, ಕೈ ಹಿಂದೆಳೆದುಕೊಂಡು, ಆ ಸಿಟ್ಟನ್ನೆಲ್ಲ ಗಿರಾಕಿಗಳ ಕಾಲರುಗಳ ಮೇಲೆ ತೀರಿಸಿಕೊಂಡಳು. ನವಿಲುಬಣ್ಣದ ಶಾಲೊಂದರ ಮಾಸಿದ ಅಂಚಿಗೆ ಬಣ್ಣ ಹೊಂದಿಸಿ ಕೊಡಿ ಎಂದು ಒಬ್ಬರು ಬಂದಾಗ ಬಣ್ಣದಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಡಿಕೆ ಬಿಚ್ಚಿ ಇನ್ನೊಮ್ಮೆ ಹಿಡಿದು ನೋಡಿದ. ಆಮೇಲೆ ಆಗುತ್ತೆ ಅಂದ, ಯಾರನ್ನೂ ಕೇಳದೆ ಹಂಡೆಗೆ ಬಣ್ಣ ಅಳೆದ. ಒಣಗಿದ ಅಂಚನ್ನು ಗಿರಾಕಿ ಮತ್ತೆ ಮತ್ತೆ ತಿರುಗಿಸಿ ನೋಡಿ, ಹಳೆಯದು ಎಲ್ಲಿ ಮುಗಿಯಿತೆಂದು ತಿಳಿಯದೆ ನಕ್ಕರು.

ಹವಳ ಮಾತ್ರ ಅವಸರ ಮಾಡಲಿಲ್ಲ. ಅದರ ಕಾಲವೇ ಬೇರೆ. ಗಂಟೆಯ ಲೆಕ್ಕ ಅದಕ್ಕಿಲ್ಲ. ಗಂಡ ಹೆಂಡತಿ ದಿನವೂ ಸಂಜೆ ಅದರ ಮುಂದೆ ಕೂರುತ್ತಿದ್ದರು. ನೀರಿನ ಸದ್ದು ಯಾರೋ ದೂರದಲ್ಲಿ ಕೂತು ಒಂದೇ ಪದ್ಯವನ್ನು ಮತ್ತೆ ಮತ್ತೆ ಓದುತ್ತಿರುವಂತೆ ಕೇಳುತ್ತಿತ್ತು. ಅಂಥ ಒಂದು ಸಂಜೆ ಬಣ್ಣದಣ್ಣ ಸ್ಟೂಲನ್ನು ಮುಂದಕ್ಕೆಳೆದುಕೊಂಡು, ಉಸಿರು ಹಿಡಿದು, ಬುಡದ ಕವಲೊಂದನ್ನೇ ನೋಡಿದ.

“ಬಂತು ಕಣೇ,” ಅಂದ.

“ಎಲ್ಲಿ?”

“ಅಲ್ಲಿ, ಬುಡದಲ್ಲಿ. ನೇರಳೆ ಅಲ್ಲ, ನೇರಳೆಗೆ ಮುಂಚಿನ ಬಣ್ಣ.”

ಅವಳು ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಹೌದು ಅನ್ನಲು ಬಾಯಿ ತೆರೆದವಳು ತಡೆದುಕೊಂಡಳು.

“ನಂಗೇನೂ ಕಾಣ್ತಿಲ್ಲ ರೀ. ಬೆಳ್ಳಗೇ ಇದೆ.”

“ನಾಳೆನೋ ನಾಡಿದ್ದೋ ಕಾಣುತ್ತೆ ಬಿಡು,” ಎಂದು ಅವನು ಸ್ಟೂಲಿನ ಅರ್ಧ ಅವಳಿಗೆ ಬಿಟ್ಟುಕೊಟ್ಟ.