ಈ ತಿಂಗಳ ಚೀಟಿ

ಅಂಗಿಯ ಜೇಬನ್ನು ಅವಳು ಮೂರನೆಯ ಸಲ ಒಳಹೊರಗು ಮಾಡಿ ನೋಡುತ್ತಿದ್ದಳು. ಗಂಡನಿಗೆ ಇದ್ದದ್ದೇ ಎರಡು ಅಂಗಿ. ಒಂದು ಹೊರಕೋಣೆಯಲ್ಲಿ ಮಲಗಿಸಿದ್ದ ಅವನ ಮೈಮೇಲಿತ್ತು, ಇನ್ನೊಂದು ಅವಳ ಕೈಯಲ್ಲಿ. ಇಂಥವನ ಜೇಬು ಹುಡುಕಲು ಎಷ್ಟು ಹೊತ್ತು ಬೇಕು? ಸಿಕ್ಕಿದ್ದು ಪೆನ್ಸಿಲಿನ ಒಂದು ತುಂಡು ಮಾತ್ರ.

"ಅಮ್ಮ, ಹೊರಗೆ ಎಲ್ಲರೂ ಬಂದು ಕೂತಿದ್ದಾರೆ. ಏನು ಹುಡುಕ್ತಿದ್ದೀಯ?" ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಚೀಟಿ. ಈ ತಿಂಗಳದ್ದು."

ಮಗಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಆ ಬೀದಿಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಂಡ ಮನುಷ್ಯ ಅವನು. ಎಲ್ಲರಿಗೂ ಮೀಟರ್ ಮಾವ. ನಿವೃತ್ತನಾದ ಮೇಲೆ ಓದಲು ಮೀಟರ್ ಇಲ್ಲದೆ ತನ್ನನ್ನೇ ಓದಿಕೊಳ್ಳತೊಡಗಿದ. ಪ್ರತಿ ತಿಂಗಳ ಒಂದನೆಯ ತಾರೀಖು ತನ್ನದೊಂದು ತಪ್ಪನ್ನು ಚೀಟಿಯಲ್ಲಿ ಬರೆದು ಬೀರುವಿಗೆ ಅಂಟಿಸುವನು, ತಿಂಗಳಿಡೀ ಅದನ್ನು ತಿದ್ದಿಕೊಳ್ಳಲು ಹೆಣಗುವನು. ಜೊತೆಗೆ ಮನೆಯ ಒಂದು ಸಾಮಾನು ಬೇಕಾದವರ ಪಾಲಾಗುತ್ತಿತ್ತು. ಏಳು ವರ್ಷದಲ್ಲಿ ತಪ್ಪು ಎಷ್ಟು ಕಡಿಮೆಯಾದವೋ ದೇವರೇ ಬಲ್ಲ, ಸಾಮಾನಂತೂ ಕಡಿಮೆಯಾಗಿತ್ತು. ಇವತ್ತು ಬಂದವರಿಗೆ ಕೂರಲು ಏನೂ ಇಲ್ಲವೆಂದು, ಹಿಂದೆ ಅವನಿಂದ ಕುರ್ಚಿ ಪಡೆದವರೆಲ್ಲ ಅವನ್ನು ತಾವೇ ಹೊತ್ತು ತಂದಿದ್ದರು.

ಅವಳು ಹೊರಕೋಣೆಗೆ ಬಂದು ಅವನ ತಲೆಯ ಬಳಿ ಕೂತಳು. ಎದುರುಮನೆಯಾಕೆ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು:

"'ಬೇರೆಯವರ ವಿಷಯ ಆಡಿಕೊಳ್ಳಬಾರದು' ಅಂತ ಒಂದು ತಿಂಗಳು ಬರೆದಿದ್ರು. ಆ ತಿಂಗಳು ನನಗೆ ತಿಂದದ್ದು ಅರಗಲಿಲ್ಲ ನೋಡಿ."

"ನಿಮ್ಮದು ಏನೂ ಅಲ್ಲ" ಎಂದ ಅವನ ಜೊತೆ ಕೆಲಸ ಮಾಡಿದ್ದ ಹಳೆಯ ಗೆಳೆಯ. "'ಮಾತಿನ ಮಧ್ಯೆ ಬಾಯಿ ಹಾಕಬಾರದು' ಅಂತ ಬರೆದ ತಿಂಗಳು ನಾನು ಮಾತಾಡ್ತಾ ಮಾತಾಡ್ತಾ ತಪ್ಪು ಬಸ್ಸು ಹತ್ತಿದೆ. ಇವನೂ ಜೊತೆಗೇ ಹತ್ತಿದ. ಕೊನೇ ಸ್ಟಾಪಿನವರೆಗೂ ತುಟಿ ಬಿಚ್ಚಲಿಲ್ಲ. ಯಾಕೋ ಹೇಳಲಿಲ್ಲ ಅಂದ್ರೆ, 'ನೀನು ಮಾತು ನಿಲ್ಲಿಸಲೇ ಇಲ್ಲವಲ್ಲೋ' ಅಂದ."

ನಾಲ್ಕಾರು ಜನ ಕಿಸಕ್ಕೆಂದರು. ಆಮೇಲೆ ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅವಳಿಗೆ ಮಾತ್ರ ನಗು ಬರಲಿಲ್ಲ.

*

ಹೋದ ತಿಂಗಳ ಕೊನೆಯ ದಿನ ಅವನು ರೇಡಿಯೋ ಕೊಟ್ಟುಬಂದಿದ್ದ.

"ನಾವು ಅದನ್ನ ಹಾಕೋದೇ ಅಪರೂಪ ಕಣೇ."

"ನಾವು ಅಂದ್ರೆ ಯಾರು? ನೀವು ಹಾಕಲ್ಲ. ನೀವು ವಾಕಿಂಗ್ ಹೋದಾಗ ದಿನಾ ಬೆಳಗ್ಗೆ ನಾನು ಹಾಕ್ತೀನಿ." ಅವಳ ಪಿತ್ತ ನೆತ್ತಿಗೇರಿತ್ತು. "ಇನ್ನು ಉಳಿದಿರೋದು ನಾನೊಬ್ಬಳೇ. ನನ್ನನ್ನೂ ಯಾರಿಗಾದ್ರೂ ಕೊಟ್ಟುಬಿಡಿ. ನಿಮ್ಮ ಬದುಕು ಪೂರ್ತಿ ಸರಳವಾಗುತ್ತೆ."

ಅವನು ಮರುದಿನ ಬೆಳಗ್ಗೆ ಚೀಟಿ ಬರೆದ, ಆದರೆ ಅಂಟಿಸಲಿಲ್ಲ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಎರಡು ದಿನ ಬಿಗುಮಾನದಲ್ಲಿದ್ದು ಮೂರನೆಯ ದಿನ ಅವಳೇ ಕೇಳಿದಳು, "ಈ ಸಲ ಏನು?"

"ಇದು ತೋರಿಸೋದಲ್ಲ."

ತೋರಿಸಬಾರದಂಥದ್ದು ಇನ್ನೇನಿರುತ್ತದೆ? 'ಅವಳ ಬಾಯಿ ಸಹಿಸಿಕೊಳ್ಳಬೇಕು' ಎಂದೇ ಬರೆದಿರಬೇಕು. ನಿನ್ನೆ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿ, ಕೊನೆಗೆ ತಾನು ಅವನು ಹಲ್ಲುಕಚ್ಚಿ ಸಹಿಸುವ ವಸ್ತುವಾಗಿಬಿಟ್ಟೆನೇ ಎಂಬ ಪ್ರಶ್ನೆ ಆಗಿನಿಂದ ಅವಳನ್ನು ಕೊರೆಯುತ್ತಿತ್ತು.

*

ಮೂಲೆಯ ಸಲೂನಿನವನು ಅಂಗಡಿ ಮುಚ್ಚಿ ಬಂದ. ಮೀಟರ್ ಮಾವನ ಕಾಲಬಳಿ ಒಂದು ಹೂವಿಟ್ಟು ಅವಳ ಹತ್ತಿರ ಬಂದು ಕುಕ್ಕರಿಸಿದ.

"ಅತ್ತೆ, ಮಾವನದ್ದು ಈ ತಿಂಗಳ ಚೀಟಿ ನನ್ನ ಹತ್ರ ಉಳಿದಿದೆ. ನನ್ನ ಅಂಗಡಿ ಕನ್ನಡಿಗೆ ಅಂಟಿಸಿದ್ರು. ಮನೇಲಾದ್ರೆ ನೀವು ನೋಡಿಬಿಡ್ತೀರಂತೆ."

ಅವಳು ಚೀಟಿ ಈಸಿಕೊಂಡು ಓದಿದಳು. ಪೆನ್ಸಿಲಿನಲ್ಲಿ ಎರಡೇ ಸಾಲು ಇದ್ದವು. 'ಅವಳು ನಕ್ಕು ಬಹಳ ದಿನವಾಯಿತು. ದಿನಕ್ಕೊಂದು ಸಲ ನಗಿಸಬೇಕು.'

"ದಿನಾ ಸಂಜೆ ಬಂದು ಒಂದು ಜೋಕು ಕಲಿತುಕೊಂಡು ಹೋಗ್ತಿದ್ರು" ಎಂದ ಅವನು. "ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಎರಡೆರಡು ಸಲ ಒಪ್ಪಿಸ್ತಿದ್ರು. ಮಾರನೇ ದಿನ ಬಂದು, 'ಹೊಟ್ಟೆ ಹಿಡ್ಕೊಂಡು ನಕ್ಕಳು ಕಣಯ್ಯ' ಅಂತಿದ್ರು. ನಂಗೇ ಆಶ್ಚರ್ಯ, ಅಷ್ಟೇನು ಚೆನ್ನಾಗಿರಲಿಲ್ಲ ನನ್ನ ಜೋಕು."

ಅಂದರೆ ಅವು ಜೋಕುಗಳಾಗಿದ್ದವು! ಸಂಜೆ ಅವನು ಬಂದು ಚಪ್ಪಲಿಯನ್ನೂ ಬಿಡದೆ ಹೊಸಿಲಲ್ಲಿ ನಿಂತು ಅರ್ಥವಿಲ್ಲದ ಏನೋ ಒಂದು ಹೇಳುವನು, ಆಮೇಲೆ ತಡಬಡಿಸುತ್ತ ಅದರ ಮೊದಲಿನ ಮಾತಿಗೆ ಹೋಗುವನು. ಮರೆತರೆ ಕಷ್ಟವೆಂದು ಕೊನೆಯ ಮಾತನ್ನೇ ಮೊದಲು ಒದರಿಬಿಡುತ್ತಿದ್ದ. ಅವನ ಆ ಪರದಾಟ ನೋಡಿ ಅವಳು ನಕ್ಕಿದ್ದಳು, ದಿನವೂ ನಕ್ಕಿದ್ದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡಳು.

"ನಿನ್ನೆ ಯಾವುದು ಕಲಿಸಬೇಕು ಅಂತಿದ್ದೆ?"

"ಇಲ್ಲಿ ಹೇಗೆ ಹೇಳಲಿ ಅತ್ತೆ..."

"ಅದು ನನಗೆ ಬರಬೇಕಾದದ್ದು. ಹೇಳು."

ಸಲೂನಿನವನು ಗಂಟಲು ಸರಿಮಾಡಿಕೊಂಡ. "ಒಬ್ಬ ಕನ್ನಡಿ ಕೊಳ್ಳೋಕೆ ಅಂಗಡಿಗೆ ಹೋದನಂತೆ. ಅಂಗಡಿಯವನು ಒಂದು ತೋರಿಸಿದ. ಇವನು ಅದರೊಳಗೆ ನೋಡಿ, 'ಇದರಲ್ಲಿ ಆಗಲೇ ಯಾರೋ ಇದ್ದಾರೆ, ಖಾಲಿ ಇರೋದು ಕೊಡಿ' ಅಂದನಂತೆ."

ಯಾರೂ ನಗಲಿಲ್ಲ. ಸಾವಿನ ಮನೆಯಲ್ಲಿ ಯಾರು ತಾನೇ ಮೊದಲು ನಕ್ಕಾರು?

"ಅವರು ಹೀಗೆ ಹೇಳ್ತಿರಲಿಲ್ಲ" ಎಂದು ಅವಳು ಎದ್ದಳು. ಹೊಸಿಲ ಬಳಿ ಹೋಗಿ, ಅವನ ಹಾಗೆಯೇ ಬಾಗಿಲ ಚೌಕಟ್ಟು ಹಿಡಿದು, ಏದುಸಿರು ಬಿಡುತ್ತ ನಿಂತಳು.

"'ಖಾಲಿ ಇರೋದು ಕೊಡಿ' ಅಂದನಂತೆ ಕಣೇ."

"ಯಾರು, ಅಪ್ಪ?" ಮಗಳ ಬಾಯಿಂದ ತಾನಾಗಿ ಬಂತು.

"ತಾಳು, ಅದಕ್ಕೆ ಮೊದಲು ಅವನು ಅಂಗಡಿಗೆ ಹೋಗಬೇಕು. ಅಲ್ಲಿ ಕನ್ನಡಿಯೊಳಗೆ ಯಾರೋ ಇದ್ದ... ಅಯ್ಯೋ, ಕನ್ನಡಿ ಅಂತ ಈಗಲೇ ಹೇಳಬಾರದಿತ್ತೇನೋ."

ಮೊದಲು ಹಳೆಯ ಗೆಳೆಯ ಸಿಡಿದ. ಆಮೇಲೆ ಎದುರುಮನೆಯಾಕೆ, ಮಗಳು, ಕೋಣೆಗೆ ಕೋಣೆಯೇ ನಕ್ಕಿತು. ಕುರ್ಚಿಗಳು ಕಿರುಗುಟ್ಟಿದವು. ಹೊತ್ತಾಯಿತೆಂದು ಹೇಳಲು ಬಂದ ಶವದ ವ್ಯಾನಿನ ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕಕ್ಕಾಬಿಕ್ಕಿಯಾಗಿ ನಿಂತ. ತಪ್ಪು ಮನೆಗೆ ಬಂದೆನೋ ಎಂದು ಬಾಗಿಲ ನಂಬರು ನೋಡಿದ. ಅವಳು ಕಣ್ಣೊರೆಸಿಕೊಂಡು ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು, ಅವನಿಗಾಗಿ ಮತ್ತೆ ಕೊನೆಯಿಂದ ಶುರುಮಾಡಿದಳು.