ಒಬ್ಬೊಬ್ಬರ ಓದು ಕೇಳಿದ ಹೆಡ್‌ಮಾಸ್ತರರು

2006ರ ಮಾತು. ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂಗಿ ಪಾಠ ಒಪ್ಪಿಸಿದರೆ ಹೆಡ್‌ಮಾಸ್ತರ ಮೈಲಾರೆಪ್ಪನವರಿಗೆ ಎದೆ ಉಬ್ಬುತ್ತಿತ್ತು. ಒಂದು ದಿನ ರೇಣುಕವ್ವ ಮಗಳ ಕೈ ಹಿಡಿದು ಶಾಲೆಗೆ ಬಂದಳು.

"ಮಾಸ್ತರ, ದ್ರಾಕ್ಷಾಯಿಣಿಗೆ ಬಸ್ಸಿನ ಬೋರ್ಡ ಸೈತ ಓದಾಕ ಬರವಲ್ದು. ಸಾಲಿ ಬಿಡಿಸಿ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಕರ್ಕೊಂಡ ಹೋಗ್ತೇನ್ರಿ."

"ಯಾರ ಹೇಳಿದ್ರು ಬರೂದಿಲ್ಲಂತ? ಓದವ್ವಾ," ಎಂದರು ಮಾಸ್ತರು. ಹುಡುಗಿ ಪುಸ್ತಕದ ಪಾಠವನ್ನು ಪಟಪಟನೆ ಓದಿದಳು.

ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಜಾಹೀದಾ ಮೇಡಮ್ ಅಂದು ಅಲ್ಲೇ ಇದ್ದರು. ಪಾಠದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು, "ಇದೇನು?" ಎಂದು ಕೇಳಿದರು. ಹುಡುಗಿ ಮತ್ತೆ ಪಾಠದ ಮೊದಲಿನಿಂದ ಹೇಳತೊಡಗಿದಳು. ಮಾಸ್ತರರ ಮುಖ ಸಣ್ಣದಾಯಿತು.

"ಈಕಿ ಕಿವೀಲೆ ಕೇಳಿ ಕಲ್ತಾಳ್ರಿ ಸರ, ಅಕ್ಷರ ನೋಡಿ ಓದಿಲ್ಲ. ಓದೂದು ಹೆಂಗ ಬರ್ತೈತಿ ಅಂತ ಸಂಶೋಧನೆ ಮಾಡ್ಯಾರ. ಶಬ್ದದಾಗಿನ ಸಪ್ಪಳ ಬಿಡಿಸಿ ಕೇಳಸ್ಬೇಕು. ಸಪ್ಪಳಕ್ಕ ಅಕ್ಷರ ಹೊಂದಸ್ಬೇಕು. ಹೊಸಾ ಶಬ್ದ ಮಗು ತಾನ ಕೂಡಿಸಿ ಓದ್ಬೇಕು. ಓದಿದ್ದರ ಅರ್ಥಾನೂ ಮಾತಾಡ್ಬೇಕು," ಎಂದರು ಮೇಡಮ್.

"ಸಂಶೋಧನೆ ಎಲ್ಲಾ ಪ್ಯಾಟಿ ಸಾಲಿಗೆ ಬಿಡ್ರಿ ಮೇಡಮ್. ನಾ ಇಷ್ಟ ವರ್ಷ ಹಿಂಗ ಕಲಿಸೇನಿ."

"ಶಿಕ್ಷಕರಿಗೆ ಹೇಳಿ ಬಿಟ್ರ ನಾಕ ದಿನ ನಡೀತೈತಿ. ನೀವ ವರ್ಗದಾಗ ಕುಂತ್ರ ವರ್ಷಪೂರ್ತಿ ನಡೀತೈತ್ರಿ ಸರ."

ಮಾತು ನಾಟಿತು. ಮಾಸ್ತರರು ರೇಣುಕವ್ವನ ಕಡೆ ತಿರುಗಿದರು. "ದೀಪಾವಳಿ ತನಕ ಸಾಲಿ ಬಿಡಿಸಬ್ಯಾಡವಾ. ಆಮ್ಯಾಲ ನೀನ ನೋಡು."

ಮರುದಿನದಿಂದ ಮೊದಲ ತಾಸು ಬರೀ ಓದಿಗೆ. ಹೆಡ್‌ಮಾಸ್ತರರು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಒಬ್ಬೊಬ್ಬರ ಓದನ್ನೂ ಕೇಳಿದರು. ಯಾರು ಒತ್ತಕ್ಷರಕ್ಕೆ ತಡವರಿಸುತ್ತಾರೆ, ಯಾರಿಗೆ ಕಾಗುಣಿತ ತಪ್ಪುತ್ತದೆ, ಎಲ್ಲ ತಿಳಿಯಿತು. ಯಾರಿಗೆ ಯಾವುದು ಬಾರದೋ ಅದನ್ನೇ ಕಲಿಸಿದರು. ಶನಿವಾರ ಶಿಕ್ಷಕರೆಲ್ಲ ಕೂತು ಅದನ್ನೇ ಚರ್ಚಿಸಿದರು. ಮೊದಮೊದಲು ಕೂಗಿಲ್ಲದ ಶಾಲೆ ಮೈಲಾರೆಪ್ಪನವರಿಗೇ ಬಿಕೋ ಅನಿಸಿತು. ಆದರೂ ಬಿಡಲಿಲ್ಲ.

ದೀಪಾವಳಿ ಕಳೆದು ಪಾಲಕರ ಸಭೆ ಸೇರಿತು. ಜಾಹೀದಾ ಮೇಡಮ್ ಮಕ್ಕಳು ಎಂದೂ ನೋಡಿರದ ಕಥೆಪುಸ್ತಕ ತಂದಿದ್ದರು. ದ್ರಾಕ್ಷಾಯಿಣಿ ನಿಧಾನವಾಗಿ ಓದತೊಡಗಿದಳು. 'ನಕ್ಷತ್ರ' ಬಂದಾಗ ನಿಂತಳು; ಬಿಡಿಸಿದಳು, ಕೂಡಿಸಿದಳು, ಮುಂದೆ ಹೋದಳು. ಆಮೇಲೆ ಒಮ್ಮೆಲೇ ತಾನೊಬ್ಬಳೇ ಕಿಸಕ್ಕನೆ ನಕ್ಕಳು. ಮುಂದಿನ ಸಾಲು ಅವಳ ಕಣ್ಣಿಗೆ ಆಗಲೇ ಬಿದ್ದಿತ್ತು. ಅದನ್ನು ಗಟ್ಟಿಯಾಗಿ ಓದಿದಾಗ ಇಡೀ ಸಭೆ ನಕ್ಕಿತು.

"ಇದನ್ನ ಯಾರೂ ಬಾಯಿಪಾಠ ಮಾಡ್ಸಿಲ್ರಿ. ಆಕೀನ ಓದ್ಯಾಳ," ಎಂದರು ಮೈಲಾರೆಪ್ಪ.

"ಇನ್ನ ಆಕೀನ್ನ ಸಾಲಿ ಬಿಡ್ಸೂದಿಲ್ರಿ," ಎಂದಳು ರೇಣುಕವ್ವ.

ಮುಖ್ಯ ಗುರುಗಳೇ, ನಾಳೆ ಮೊದಲ ತಾಸಿಗೆ ನೀವೂ ವರ್ಗದಲ್ಲಿ ಕುಳಿತುಕೊಳ್ಳಿ. ಒಂದು ಮಗುವಿನ ಕೈಗೆ ಹೊಸ ಪುಟ ಕೊಡಿ. ಅದು ತಡವರಿಸಲಿ, ಅವಸರ ಮಾಡಬೇಡಿ; ಕಿವಿಗೊಟ್ಟು ಕೇಳಿ.