ಹೆಡಿಲೆ ಗುಂಡಿಗಿಳಿದದ್ದು

ಬಿತ್ತನೆಗೆ ಮುಂಚೆ ಗಂಡಸರನ್ನು ಹೊರಗಿಟ್ಟು ನಾವು ಹೆಂಗಸರೇ ನಡೆಸುವ, ಪೈರಿನ ದೇವಿ ಡಿಮೀಟರ್ ತಾಯಿಯ ಹಬ್ಬಕ್ಕೆ ಆ ವರ್ಷ ಹೆಡಿಲೆ ಯಜಮಾನಿಯಾದಳು. ಅವಳ ಯೋಗ್ಯತೆ ನೋಡಿ ಯಾರೂ ಆರಿಸಲಿಲ್ಲ. ಅವಳ ಗಂಡ ಹಾಕಿಸುತ್ತೇನೆಂದ ಔತಣ ಆರಿಸಿತು.

ಉಪವಾಸದ ದಿನ ನಾವೆಲ್ಲ ಬರಿನೆಲಕ್ಕೆ ಸೊಪ್ಪು ಹಾಸಿ ಕೂತರೆ, ಅವಳು ಸೊಪ್ಪಿನಡಿ ಉಣ್ಣೆಯ ದಿಂಬು ತುರುಕಿಕೊಂಡಿದ್ದಳು. ದೇವಿಗೆ ಮೇಲಿನ ಸೊಪ್ಪಷ್ಟೇ ಕಾಣುತ್ತದೆಂದು ಎಣಿಸಿರಬೇಕು.

ಯಜಮಾನಿಗೆ ಇರುವ ಕೆಲಸ ಒಂದೇ. ಬೇಸಿಗೆಯಲ್ಲಿ ದೇವಿಗೆಂದು ಗುಂಡಿಗೆ ಹಾಕಿದ ಹಂದಿಮರಿಗಳು ಅಷ್ಟರಲ್ಲಿ ಕೊಳೆತಿರುತ್ತವೆ. ಹಗ್ಗ ಹಿಡಿದು ಇಳಿದು, ಆ ಕೊಳೆತದ್ದನ್ನು ಬಾಚಿ ಬುಟ್ಟಿಗೆ ತುಂಬಿ ತರಬೇಕು. ಬೀಜಕ್ಕೆ ಬೆರೆಸಿ ಬಿತ್ತುವುದು ಅದನ್ನೇ. ಗುಂಡಿಯಲ್ಲಿ ಹಾವುಗಳಿವೆ, ಮೇಲೆ ನಿಂತವರು ಚಪ್ಪಾಳೆ ತಟ್ಟಿ ಬೆದರಿಸುತ್ತಾರೆ.

ಪ್ರಾರ್ಥನೆ ಮಾಡಿ ಬರುತ್ತೇನೆಂದು ಹೆಡಿಲೆ ಗುಡಿಯ ಹಿಂದೆ ಹೋದಳು. ಅವಳ ಕೇಸರಿ ಹೊದಿಕೆ ಮುಸುಕೆಳೆದುಕೊಂಡು ಬಂತು, ಮಾತಿಲ್ಲದೆ ಇಳಿಯಿತು, ತುಂಬಿದ ಬುಟ್ಟಿಯೊಂದಿಗೆ ಹತ್ತಿ ಬಂತು. ಬುಟ್ಟಿ ಇಳಿಸುವಾಗ ತೋಳು ಬಯಲಾಯಿತು. ಅದರ ಮೇಲೆ ನೀಲಿ ಜಿಂಕೆಯ ಹಚ್ಚೆ.

"ಇದೇನ್ರಮ್ಮಾ, ನಮ್ ಹೆಡಿಲೆ ತೋಳಿಗೆ ಜಿಂಕೆ ಯಾವಾಗ ಹತ್ತಿತು?" ಎಂದಳು ಮುದುಕಿ ನಿಕಾರೆಟೆ.

ಅದು ಹೆಡಿಲೆಯ ಮನೆಯ ದಾಸಿ ಥ್ರಾತ್ತ. ಬಾಗಿಲವರೆಗೆ ಹೊರೆ ತಂದು ಹಿಂತಿರುಗಬೇಕಿದ್ದವಳು. ಹಬ್ಬದೊಳಗೆ ದಾಸಿಯರಿಗೆ ಪ್ರವೇಶವಿಲ್ಲ. ಹೆಡಿಲೆ ಓಡಿ ಬಂದಳು.

"ಕಳ್ಳಿ, ನನ್ ಹೊದಿಕೆ ಕದ್ಕೊಂಡು ಬಂದವ್ಳೆ ನೋಡಿ. ಇವಳು ಒಳಗೆ ಬಂದಿದ್ದೇ ನಂಗೆ ಗೊತ್ತಿಲ್ಲ."

"ಹೊದಿಕೆ ಕದ್ದೋಳು ಸಂತೆಗೆ ಓಡ್ತಾಳೆ ಕಣೇ. ಕೊಳೆತ ಹಂದಿ ಬಾಚೋಕೆ ಗುಂಡಿಗೆ ಇಳೀತಾಳಾ?" ಎಂದಳು ನಿಕಾರೆಟೆ.

ಮೈಲಿಗೆಯಾಯಿತು, ಚಾಟಿಯಲ್ಲಿ ಹೊಡೆಸಬೇಕು ಎಂದು ನಾಲ್ಕಾರು ಮಂದಿ ಗೊಣಗಿದರು.

"ಮಗಳು ಕಾಣೆಯಾದಾಗ ಡಿಮೀಟರ್ ತಾಯೀನೂ ಕಂಡೋರ ಮನೇಲಿ ದಾಸಿಯಾಗಿ ಕೂಸು ಆಡಿಸ್ಕೊಂಡಿದ್ದೋಳೇ," ಎಂದಳು ನಿಕಾರೆಟೆ. "ಇವಳು ತಂದಿದ್ದು ಸಲ್ತದೆ. ಯಜಮಾನಿ ಬುಟ್ಟಿ ಇನ್ನೂ ಖಾಲಿ ಐತೆ. ಹಗ್ಗ ಬಿಡ್ರೇ."

"ಅಜ್ಜಿ, ನಂಗೆ ತಲೆಸುತ್ತು."

"ಕೆಳಗೆ ಹೋದ್ಮೇಲೆ ಬೀಳೋಕೆ ಜಾಗ ಇರಲ್ಲ, ಹೋಗು ತಾಯಿ."

ಇಳಿಸಿದೆವು. ಚಪ್ಪಾಳೆಯನ್ನೂ ತಟ್ಟಿದೆವು, ತುಸು ಮೆಲ್ಲಗೆ. ಅವಳು ಕಿರುಚಿದ ಪರಿಗೆ ಹಾವುಗಳೇ ಹೆದರಿರಬೇಕು. ಮೇಲೆ ಬಂದಾಗ ಬುಟ್ಟಿಯ ತಳದಲ್ಲಿ ಒಂದು ಹಿಡಿ ಇತ್ತು. ಮೈಯಿಂದ ಗುಲಾಬಿ ಎಣ್ಣೆಯೂ ಹಂದಿಯೂ ಒಟ್ಟಿಗೆ ನಾರುತ್ತಿದ್ದವು.

ಮರುದಿನದ ಔತಣದಲ್ಲಿ, ಹಾವುಗಳು ಹೇಗೆ ತನಗೆ ತಲೆಬಾಗಿದವೆಂದು ಅವಳು ವರ್ಣಿಸಿದಳು. ಹಿಂದಿನ ದಿನ ಗುಂಡಿಯ ಸುತ್ತ ನಿಂತು ನಕ್ಕವರೇ ಬಾಯ್ತುಂಬ ಎಳ್ಳಿನ ರೊಟ್ಟಿ ಇಟ್ಟುಕೊಂಡು ಹೌದೌದೆಂದು ತಲೆಯಾಡಿಸಿದರು. ಚಳಿಗಾಲ ಕಳೆಯುವಷ್ಟರಲ್ಲಿ ಅವಳ ಗಂಡ ಗುಡಿಯಲ್ಲಿ ಕೆತ್ತಿಸಿದ ಕಲ್ಲು ನಿಲ್ಲಿಸಿದ: ಬುಟ್ಟಿ ಹೊತ್ತ ಹೆಡಿಲೆ, ಕಾಲಡಿ ಹೆಡೆ ತಗ್ಗಿಸಿದ ಹಾವು. ಥ್ರಾತ್ತಳನ್ನು ಹಿತ್ತಿಲಿನ ಬೀಸುವ ಕಲ್ಲಿಗೆ ಹಚ್ಚಿದರು.

ಬಾರ್ಲಿ ಚೆನ್ನಾಗಿ ಬಂತು. ಹೊಸ ಹಿಟ್ಟಿನ ಮೊದಲ ರೊಟ್ಟಿ ತಾಯಿಗೆ ಸಲ್ಲಬೇಕಾದದ್ದು. ನಿಕಾರೆಟೆ ಅದನ್ನು ಸುಟ್ಟು ಸೆರಗಿನಲ್ಲಿ ಸುತ್ತಿ, ಹೆಡಿಲೆಯ ಅಂಗಳ ಹಾದು ನೇರ ಹಿತ್ತಿಲಿಗೆ ಹೋಗಿ ಥ್ರಾತ್ತಳ ಹಿಟ್ಟುಗೈಗೆ ಕೊಟ್ಟಳು.

ಹೆಡಿಲೆ ಬಾಗಿಲಲ್ಲೇ ನಿಂತಿದ್ದಳು. ತಡೆಯುವ ಧೈರ್ಯ ಅವಳಿಗೆ ಬರಲಿಲ್ಲ. ಥ್ರಾತ್ತ ಅವಳತ್ತ ಬೆನ್ನು ತಿರುಗಿಸಿ ಕೂತು, ಬಿಸಿಬಿಸಿಯಾಗಿ ಇಡೀ ರೊಟ್ಟಿ ತಿಂದಳು.